ಕಾಂದಿವಲಿಯ ಕೊಳಕ್ಕೆ ಉಡಿ ತುಂಬಿದ್ದು

ಕೊಳ್ಳುವ ಶಕ್ತಿ ಇಲ್ಲದವನಿಗೆ ನೋಡುವ ಚಪಲ ಜಾಸ್ತಿ ಎಂಬುದನ್ನು ನಾನು ಬೇರೆಯವರನ್ನು ನೋಡಿ ತಿಳಿದುಕೊಂಡದ್ದಲ್ಲ. ಮುಂಬಯಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರು ರೇಸಿಗೆ ಹೋಗುತ್ತಾರೆ. ಪಾನನಿರೋಧ ಬಂದ ಮೇಲೆ ಕೆಲವರು ವೈದ್ಯರಿಂದ ಚೀಟಿ ಬರೆಸಿಕೊಂಡು, ಔಷಧಿಗೆಂದು ಕುಡಿಯುವ ಖಾಯಂ ರೋಗಿಗಳಾಗಿದ್ದಾರೆ. ನನ್ನ ಚಟ ಇವೆರಡಕ್ಕಿಂತ ಮರ್ಯಾದಸ್ಥವಾದದ್ದು ಎಂದು ಬಹಳ ದಿನ ನಂಬಿದ್ದೆ. ರವಿವಾರದ ಪತ್ರಿಕೆಯಲ್ಲಿ ‘ಮಾರಾಟಕ್ಕಿದೆ’ ಎಂಬ ಅಂಕಣವನ್ನು ಓದುವುದು, ಮದುವೆಯಲ್ಲಿ ಮಾವನವರು ಹೊಲಿಸಿಕೊಟ್ಟ ಕರಿಯ ಕೋಟು ಹಾಕಿಕೊಳ್ಳುವುದು, ಹೆಂಡತಿಯನ್ನು ಕರೆದುಕೊಂಡು ಲೋಕಲ್ ಹತ್ತಿ ಹೋಗಿ ಆ ಆಸ್ತಿಯನ್ನು ನೋಡಿ ಬರುವುದು, ಇಷ್ಟೇ. ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಟೈಪಿಸ್ಟನಾಗಿದ್ದು, ದಾದರಿನ ಚಾಳಿನ ಎರಡನೆಯ ಮಾಳಿಗೆಯಲ್ಲಿ ಒಂದೇ ಒಂದು ಖೋಲಿಯಲ್ಲಿ ಸಂಸಾರ ಮಾಡುವವನಿಗೆ ಮನೆ ಕೊಳ್ಳುವ ಮಾತೆಲ್ಲಿ ಬಂತು? ಆದರೆ ನೋಡುವುದಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಕೋಟು ಹಾಕಿಕೊಂಡು ಹೋದರೆ ಕುರ್ಚಿಯನ್ನೂ ಕೊಡುತ್ತಾರೆ, ಚಹಾನೂ ಕೊಡುತ್ತಾರೆ.

ಹೀಗೆ ಆರು ವರ್ಷಗಳಲ್ಲಿ ನಾವು ನೋಡಿದ ಆಸ್ತಿಗಳಿಗಿಂತ ನಾವು ಬೇಡವೆಂದ ಆಸ್ತಿಗಳನ್ನು ನೆನೆದರೆ ನನಗೇ ಮೈ ಜುಮ್ಮೆನ್ನುತ್ತದೆ. ಬಾಂದ್ರಾದ ಒಂದು ಬಂಗಲೆಯಲ್ಲಿ ತುಳಸಿಕಟ್ಟೆಗೆ ಸರಿಯಾದ ಜಾಗವಿರಲಿಲ್ಲ, ಬಿಟ್ಟೆವು. ವಿಲೆ ಪಾರ್ಲೆಯ ಒಂದು ಮನೆಯಲ್ಲಿ ಅಡುಗೆಮನೆ ನೈರುತ್ಯಕ್ಕಿತ್ತು, ತಲೆಯಲ್ಲಾಡಿಸಿ ಹೊರಬಂದೆವು. ಮಲಬಾರ್ ಹಿಲ್ಲಿನ ಒಂದು ಮಹಲನ್ನಂತೂ ನನ್ನ ಹೆಂಡತಿ ಸುಶೀಲಾ ಮೆಟ್ಟಿಲ ಮೇಲೆ ನಿಂತೇ ನಿವಾಳಿಸಿ ಒಗೆದಳು. “ಕಸಾ ಹೊಡೀಲಿಕ್ಕೆ ಒಂದು ದಿನಾ ಸಾಲೂದಿಲ್ಲ, ನಡೀರಿ ಮನೀಗೆ” ಎಂದಳು. ಮನೆಯೆಂದರೆ ನಮ್ಮ ಖೋಲಿ, ಅಲ್ಲಿ ಕಸ ಹೊಡೆಯಬೇಕಾದರೆ ನಾನು ಎದ್ದು ಹೊರಗೆ ನಿಲ್ಲಬೇಕು. ಮನೆ ನೋಡುವಾಗ ನಾನು ಒಂದೆರಡು ಗತ್ತುಗಳನ್ನು ರೂಢಿಸಿಕೊಂಡಿದ್ದೆ. ಗೋಡೆಯನ್ನು ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ “ಹೂಂ” ಎನ್ನುತ್ತಿದ್ದೆ. ಹಾಗೆ ತಟ್ಟಿದರೆ ಏನು ಕೇಳಿಸಬೇಕು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಮಾಲಕರ ಮುಖ ಮಾತ್ರ ಪ್ರತಿಸಲವೂ ಸ್ವಲ್ಪ ಇಳಿಯುತ್ತಿತ್ತು, ಅದನ್ನು ಕಂಡು ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಇದು ಪಾಪ ಎಂದು ಆಗ ಅನಿಸಿರಲಿಲ್ಲ.

ಸುಶೀಲಾಗೆ ಈ ತಿರುಗಾಟದಲ್ಲಿ ಇದ್ದ ಆಸೆಯೇ ಬೇರೆ. ಅವಳು ಮಲಪ್ರಭೆಯ ದಂಡೆಯ ಹಳ್ಳಿಯವಳು. ಎದ್ದ ಕೂಡಲೇ ನೀರಿನ ಮುಖ ನೋಡಿ ಬೆಳೆದವಳು. ನಮ್ಮ ಚಾಳಿನಲ್ಲಿ ನೀರೆಂದರೆ ಬೆಳಿಗ್ಗೆ ಐದರಿಂದ ಆರೂವರೆಯ ತನಕ ನಳದಿಂದ ಸುರಿಯುವ ಒಂದು ದಾರ. ಅದರ ಮುಂದೆ ಇಪ್ಪತ್ತು ಕೊಡಗಳು, ಇಪ್ಪತ್ತು ಬಾಯಿಗಳು. ಒಂದು ಶ್ರಾವಣದಲ್ಲಿ ಇವಳು ಗಂಗಾಪೂಜೆ ಮಾಡದೆ ಹೇಗಿರಲಿ ಎಂದು ಆ ನಳಕ್ಕೇ ಅರಿಷಿಣ ಕುಂಕುಮ ಹಚ್ಚಿ ಹೂ ಏರಿಸಿದಳು. ಸಾಲಿನಲ್ಲಿ ನಿಂತಿದ್ದ ಹೆಂಗಸರು ಮೊದಲು ನಕ್ಕರು. ಅಂದು ನೀರು ಹತ್ತು ನಿಮಿಷ ಹೆಚ್ಚಿಗೆ ಬಂದದ್ದರಿಂದ ಆಮೇಲೆ ಕೈ ಮುಗಿದರು. ಮರುವಾರ ಎರಡು ದಿನ ನೀರೇ ಬರಲಿಲ್ಲ, ಆಗ ಅದೂ ಇವಳಿಂದಲೇ ಆಯಿತೆಂದು ಜಗಳಕ್ಕೆ ಬಂದರು. ಅಂದಿನಿಂದ ಅವಳು ನಳದ ತಂಟೆಗೆ ಹೋಗಿಲ್ಲ. ಅದರ ಬಗ್ಗೆ ಮಾತೂ ಆಡಿಲ್ಲ. ನಾನೂ ಕೇಳಲಿಲ್ಲ.

ಒಂದು ರವಿವಾರ ಪತ್ರಿಕೆಯಲ್ಲಿ ಈ ಜಾಹೀರಾತು ಕಂಡೆ. ಕಾಂದಿವಲಿಯ ಬಳಿ ಐತಿಹಾಸಿಕ ಕುದುರೆವಾಡಿ, ಹಳೆಯ ಮನೆ, ಹುಲ್ಲುಗಾವಲು, ಸ್ವಂತ ಕೊಳ, ಸ್ಟೇಷನ್ನಿನಿಂದ ನಡೆದು ಬರುವಷ್ಟು ದೂರ, ಯೋಗ್ಯರು ಮಾತ್ರ ಬರುವುದು. ‘ಯೋಗ್ಯರು ಮಾತ್ರ’ ಎಂಬಲ್ಲಿ ನಾನು ಸ್ವಲ್ಪ ಅಳುಕಿದೆ. ಸುಶೀಲಾ ಅಳುಕಲಿಲ್ಲ. “ಇನ್ನೊಮ್ಮೆ ಓದ್ರಿ. ಹೊಂಡ ಅದ ಅಂತ ಬರದಾರೇನು?” ಎಂದಳು. ಅದ ಎಂದೆ. ಅವಳು ಎದ್ದು ಹೋಗಿ ಟ್ರಂಕು ತೆಗೆದು ಏನನ್ನೋ ಚೀಲದಲ್ಲಿ ತುಂಬಿಕೊಂಡಳು. ಉಪ್ಪಿಟ್ಟಿನ ಡಬ್ಬಿ ಇರಬೇಕು ಎಂದುಕೊಂಡೆ.

ನಡೆದು ಬರುವಷ್ಟು ದೂರ ಎಂದು ಬರೆದವರು ಪ್ರಾಯಶಃ ಕುದುರೆಯ ನಡಿಗೆಯನ್ನು ಲೆಕ್ಕಕ್ಕೆ ಹಿಡಿದಿದ್ದರು. ಕಾಂದಿವಲಿ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ಹೊರಟರೆ ಮೊದಲು ಅಂಗಡಿಗಳು ಮುಗಿದವು, ಆಮೇಲೆ ಮನೆಗಳು ಮುಗಿದವು, ಕೊನೆಗೆ ರಸ್ತೆಯೂ ಮುಗಿದು ತಾಳೆಮರಗಳ ನಡುವೆ ಗಾಡಿಜಾಡು ಉಳಿಯಿತು. ಕೋಟಿನೊಳಗೆ ನಾನು ಬೆಂದು ಹೋದೆ. ಮುಕ್ಕಾಲು ಗಂಟೆ ನಡೆದ ಮೇಲೆ ಮುರಿದ ಕಬ್ಬಿಣದ ಗೇಟು, ಅದರಾಚೆ ಹೆಂಚಿನ ಉದ್ದನೆಯ ಮನೆ, ಮನೆಯ ಬದಿಗೆ ಒಂದು ಸಾಲು ಲಾಯಗಳು ಕಾಣಿಸಿದವು. ಗೇಟಿನ ಹತ್ತಿರ ಕೋಲೂರಿಕೊಂಡು ನಿಂತಿದ್ದವರು ಮಾಲಕಿ ಬಾನುಬಾಯಿ. ಎಪ್ಪತ್ತು ದಾಟಿದ ಪಾರಸಿ ಮುದುಕಿ, ಮದುವೆಯಾದವರಲ್ಲ. ಬಿಳಿ ಸೀರೆ, ದಾರ ಕಟ್ಟಿದ ಕನ್ನಡಕ. ಅವರ ಹಿಂದಿಯಲ್ಲಿ ಮುಕ್ಕಾಲು ಪಾಲು ಗುಜರಾತಿ, ನನ್ನದರಲ್ಲಿ ಮುಕ್ಕಾಲು ಪಾಲು ಮರಾಠಿ, ಸುಶೀಲಾಳದರಲ್ಲಿ ಹಿಂದಿಯೆಂಬುದು ಇರಲೇ ಇಲ್ಲ. ಆದರೂ ಮಾತು ಎಲ್ಲೂ ತೊಡಕಲಿಲ್ಲ. ಅವರು ನನ್ನನ್ನು ‘ದೀಕ್ರಾ’ ಎಂದರು, ಅವಳನ್ನು ‘ದೀಕ್ರಿ’ ಎಂದರು. ಮಗ, ಮಗಳು ಎಂದು ಅರ್ಥ.

ವಾಡಿಯ ಚರಿತ್ರೆಯನ್ನು ಅವರೇ ಹೇಳಿದರು. ಮುಂಬಯಿಯಲ್ಲಿ ಟ್ರಾಮುಗಳನ್ನು ಕುದುರೆಗಳು ಎಳೆಯುತ್ತಿದ್ದ ಕಾಲಕ್ಕೆ ಕಾಲು ಸೋತ ಕುದುರೆಗಳನ್ನು ಇಲ್ಲಿಗೆ ಕಳಿಸುತ್ತಿದ್ದರಂತೆ. ಬಾನುಬಾಯಿಯವರ ತಂದೆ ಅವುಗಳನ್ನು ದಿನಕ್ಕೆರಡು ಹೊತ್ತು ಈ ಕೊಳದಲ್ಲಿ ಮೊಳಕಾಲ ಮಟ್ಟದ ನೀರಿನಲ್ಲಿ ನಿಲ್ಲಿಸುತ್ತಿದ್ದರು. ಅದೇ ಚಿಕಿತ್ಸೆ. ಅದಕ್ಕಾಗಿಯೇ ಕೊಳದ ಮೆಟ್ಟಿಲುಗಳನ್ನು ಕುದುರೆಯ ಹೆಜ್ಜೆಗೆ ಸರಿಯಾಗಿ ಅಗಲವಾಗಿ, ಗಿಡ್ಡವಾಗಿ ಕಟ್ಟಿಸಿದ್ದರು. ಟ್ರಾಮುಗಳು ವಿದ್ಯುತ್ತಿಗೆ ಹೋದ ಮೇಲೆ ವಿಕ್ಟೋರಿಯಾ ಗಾಡಿಯ ಕುದುರೆಗಳು ಬಂದವು, ಆಮೇಲೆ ಅವೂ ನಿಂತವು. ಒಂದೊಂದು ಲಾಯದ ಮೇಲೂ ಒಂದು ಕುದುರೆಯ ಹೆಸರು ಬರೆದ ಹಲಗೆ ಇತ್ತು. ಲಾಯಗಳೆಲ್ಲ ಖಾಲಿ, ಕೊನೆಯದರಲ್ಲಿ ಮಾತ್ರ ಶಿರೀನ್ ಎಂಬ ಮುದಿ ಹೆಣ್ಣುಕುದುರೆ. ಎರಡೂ ಕಣ್ಣು ಹೋಗಿದ್ದವು. ನಾವು ನೋಡುತ್ತಿದ್ದಂತೆಯೇ ಅದು ಲಾಯದಿಂದ ಹೊರಬಂದು, ಯಾರೂ ಹಿಡಿಯದೆ, ಅಂಗಳ ದಾಟಿ, ಸರಿಯಾಗಿ ಮೆಟ್ಟಿಲ ಹತ್ತಿರ ಹೋಗಿ ಒಂದೊಂದೇ ಕಾಲಿಟ್ಟು ಇಳಿದು ನೀರಿನಲ್ಲಿ ನಿಂತುಕೊಂಡಿತು. “ದಿನಾ ಹೀಗೇ. ನನಗಿಂತ ಚೆನ್ನಾಗಿ ದಾರಿ ಗೊತ್ತು ಅದಕ್ಕೆ” ಎಂದರು ಬಾನುಬಾಯಿ.

ನಾನು ನನ್ನ ಕ್ರಮದಂತೆ ಮನೆಯೊಳಗೆ ಹೋಗಿ ಗೋಡೆ ತಟ್ಟಿ “ಹೂಂ” ಎಂದು, ಜಂತೆಗೆ ಗೆದ್ದಲು ಹತ್ತಿದೆಯೇ, ಮಳೆಗಾಲದಲ್ಲಿ ಎಲ್ಲಿ ಸೋರುತ್ತದೆ, ಎಂದೆಲ್ಲ ವಿಚಾರಿಸುತ್ತಿದ್ದೆ. ಹೊರಗೆ ಬಂದು ನೋಡಿದರೆ ಸುಶೀಲಾ ಸೆರಗು ಸಿಕ್ಕಿಸಿಕೊಂಡು ಕೊಳದ ಕೊನೆಯ ಮೆಟ್ಟಿಲಲ್ಲಿ ಕೂತಿದ್ದಾಳೆ. ಚೀಲದಲ್ಲಿದ್ದದ್ದು ಉಪ್ಪಿಟ್ಟಲ್ಲ. ಅರಿಷಿಣ, ಕುಂಕುಮ, ಎಲೆ, ಅಡಿಕೆ, ಉತ್ತತ್ತಿ, ಕೊಬ್ಬರಿ ಬಟ್ಟಲು, ಒಂದು ಮುಷ್ಟಿ ಅಕ್ಕಿ, ಎರಡು ಹಸಿರು ಬಳೆ, ಅದರ ಮೇಲೆ ಅವಳ ತಾಯಿ ಕೊಟ್ಟಿದ್ದ ಹೊಸ ಖಣ. ಆ ಖಣವನ್ನು ಕುಪ್ಪಸ ಹೊಲಿಸದೆ ಆರು ವರ್ಷ ಟ್ರಂಕಿನಲ್ಲಿ ಯಾಕೆ ಇಟ್ಟುಕೊಂಡಿದ್ದಾಳೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೆ. ಅವಳು ಮೆಟ್ಟಿಲಿಗೆ ಅರಿಷಿಣ ಕುಂಕುಮ ಹಚ್ಚಿ, ನೀರಿಗೆ ಉಡಿ ತುಂಬಿದಳು. ನಮ್ಮ ಕಡೆ ಬಸುರಿಗೆ, ತವರಿಂದ ಹೊರಟ ಮಗಳಿಗೆ, ಹೊಳೆಗೆ, ಬಾವಿಗೆ ಉಡಿ ತುಂಬುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಮಾರಾಟಕ್ಕಿಟ್ಟ ಆಸ್ತಿಯನ್ನು ನೋಡಲು ಹೋಗಿ ಬೇರೆಯವರ ಕೊಳಕ್ಕೆ ಉಡಿ ತುಂಬಿದವರು ಇಡೀ ಮುಂಬಯಿಯಲ್ಲಿ ನನ್ನ ಹೆಂಡತಿ ಒಬ್ಬಳೇ ಇರಬೇಕು. ನನಗೆ ನಾಚಿಕೆಯಿಂದ ಭೂಮಿಗಿಳಿದಂತಾಯಿತು. “ಏ, ಏನಿದು, ಏಳು” ಎಂದೆ. ಅವಳು ತಿರುಗಿ ನೋಡಲೇ ಇಲ್ಲ. ಕುದುರೆ ಮಾತ್ರ ಕಿವಿಯನ್ನು ನನ್ನ ಕಡೆ ತಿರುಗಿಸಿತು.

ಬಾನುಬಾಯಿ ಬೈಯಲಿಲ್ಲ. ಕೋಲಿನ ಮೇಲೆ ಎರಡೂ ಕೈಯಿಟ್ಟು ನೋಡುತ್ತ ನಿಂತಿದ್ದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಪೈಕಿಯ ಹೆಂಗಸರೂ ವರ್ಷಕ್ಕೊಂದು ದಿನ ನೀರಿಗೆ ಕೊಡುತ್ತಾರಂತೆ. ಬೇಳೆ ಬೇಯಿಸಿ ಸಕ್ಕರೆ ಹಾಕಿ ಒಳಗೆ ತುಂಬಿ ಮಾಡಿದ ಪೋರಿ ಅಂತ ಒಂದು, ಅದನ್ನು. ಅವರು ಕೈಯಲ್ಲಿ ಹಿಟ್ಟು ಲಟ್ಟಿಸುವ ಹಾಗೆ ಮಾಡಿ ತೋರಿಸಿದ ಕೂಡಲೇ ಸುಶೀಲಾ, “ಅಯ್ಯ, ಹೋಳಿಗಿ!” ಎಂದು ಕೂಗಿದಳು. ಇಬ್ಬರೂ ಹಿಂದಿನ ಜನ್ಮದ ಅಕ್ಕತಂಗಿಯರ ಹಾಗೆ ನಕ್ಕರು. “ಅಮ್ಮ ಕೊಡುತ್ತಿದ್ದಳು, ಆಮೇಲೆ ನಾನು ಕೊಡುತ್ತಿದ್ದೆ. ಕೈ ನಡುಗುವುದಕ್ಕೆ ಶುರುವಾದ ಮೇಲೆ ನಿಲ್ಲಿಸಿದೆ. ಈ ನೀರಿಗೆ ಈ ಮನೆಯ ಹೆಂಗಸರು ಬಿಟ್ಟು ಬೇರೆ ಯಾರೂ ಕೊಟ್ಟದ್ದಿಲ್ಲ. ಈಗ ನೀನು ಕೊಟ್ಟೆ, ದೀಕ್ರಿ” ಎಂದು ಬಾನುಬಾಯಿ ಅವಳ ತಲೆಯ ಮೇಲೆ ಕೈಯಿಟ್ಟರು. ಈ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಪುದೀನ ಹಾಕಿದ ಚಹಾ ಚೆನ್ನಾಗಿತ್ತು, ಅದರ ಮೇಲೆಯೇ ನನ್ನ ಗಮನ. ಹೊರಡುವಾಗ, “ಮತ್ತೆ ಯಾವಾಗ?” ಎಂದು ಕೇಳಿದರು. ಸೌಜನ್ಯಕ್ಕೆ, “ಬರುವ ರವಿವಾರ” ಎಂದೆ.

ಆ ರವಿವಾರ ಹೋದೆವು, ಅದರ ಮುಂದಿನ ರವಿವಾರವೂ ಹೋದೆವು. ಸುಶೀಲಾ ಹೋಳಿಗೆ ಮಾಡಿಕೊಂಡು ಹೋದಳು, ಒಂದು ಬಾನುಬಾಯಿಗೆ, ಒಂದು ನೀರಿಗೆ, ಅರ್ಧ ಕುದುರೆಗೆ. ನನಗೆ ಉಳಿದ ಅರ್ಧ. ಅವಳು ಮೆಟ್ಟಿಲ ಮೇಲೆ ಕೂತು ಕಾಲನ್ನು ನೀರಿಗೆ ಇಳಿಬಿಟ್ಟು ಸಣ್ಣ ದನಿಯಲ್ಲಿ ಊರಿನ ಹಾಡು ಹೇಳಿಕೊಳ್ಳುತ್ತಿದ್ದಳು. ಮದುವೆಯಾಗಿ ಆರು ವರ್ಷಕ್ಕೆ ಅವಳಿಗೆ ಹಾಡು ಬರುತ್ತದೆ ಎಂಬುದು ನನಗೆ ತಿಳಿಯಿತು. ಚಾಳಿನಲ್ಲಿ ಹಾಡಿದರೆ ಗೋಡೆಯಾಚೆಯವರು ಏನೆಂದುಕೊಂಡಾರು ಎಂದು ಅವಳು ಬಾಯಿ ಮುಚ್ಚಿಕೊಂಡಿದ್ದಳಂತೆ. ನಾನು ಅದನ್ನು ಅವಳ ಸ್ವಭಾವ ಎಂದು ತಿಳಿದಿದ್ದೆ. ನನ್ನಂಥ ಗಂಡಂದಿರಿಗೆ ಏನು ಹೇಳಬೇಕೋ!

ನಾಲ್ಕನೆಯ ರವಿವಾರ ಹೋದಾಗ ಜಗಲಿಯಲ್ಲಿ ಎರಡು ಟ್ರಂಕು ಕಟ್ಟಿಟ್ಟಿದ್ದವು. ಬಾನುಬಾಯಿ ಲವಲವಿಕೆಯಿಂದ ಇದ್ದರು. ನವಸಾರಿಯಲ್ಲಿ ಅವರ ತಂಗಿ ಹಾಸಿಗೆ ಹಿಡಿದು ವರ್ಷವಾಯಿತಂತೆ, ನೋಡಿಕೊಳ್ಳುವವರಿಲ್ಲ, ಬಾ ಬಾ ಎಂದು ಕಾಗದ ಹಾಕುತ್ತಿದ್ದಾಳಂತೆ. ವಾಡಿಯ ವ್ಯವಸ್ಥೆಯಾಗದೆ ಹೋಗುವಂತಿರಲಿಲ್ಲ. “ನಿಮಗಿಂತ ಮೊದಲೇ ಈ ಜಾಗ ಕೇಳಿದ್ದ ಒಬ್ಬ ಕಟ್ಟಿಗೆ ವ್ಯಾಪಾರಿ ಮೊನ್ನೆ ಮತ್ತೆ ಬಂದಿದ್ದ. ಕೊಳ ಮುಚ್ಚಿಸಿ ಗೋದಾಮು ಕಟ್ಟಿಸುತ್ತಾನಂತೆ. ವಾಡಿಯ ವ್ಯಾಪಾರ ಆಗಿಹೋಗಿದೆ, ಕೊಂಡವರ ಮನೆಯಾಕೆ ನೀರಿಗೆ ಕೊಟ್ಟೂ ಆಗಿದೆ, ಇನ್ನು ಬರಬೇಡ ಎಂದು ಕಳಿಸಿಬಿಟ್ಟೆ. ದುಡ್ಡಿನ ಮಾತು ಕೂತು ಮುಗಿಸಿಕೊಳ್ಳೋಣ. ನೀನು ಕಾಗದಪತ್ರ ಯಾವಾಗ ಮಾಡಿಸುತ್ತೀ, ದೀಕ್ರಾ?”

ಸುಶೀಲಾ ನನ್ನ ಮುಖ ನೋಡಿದಳು. ಅವಳಿಗೆ ಮಾತು ಅರ್ಧ ಅರ್ಥವಾಗಿತ್ತು, ನನ್ನ ಮುಖ ನೋಡಿ ಇನ್ನರ್ಧ ಅರ್ಥವಾಯಿತು. ಆಗಲೇ ನಿಜ ಹೇಳಿಬಿಡಬೇಕಿತ್ತು. ನಾನು ಏನು ಮಾಡಿದೆ ಗೊತ್ತೇ? ಹತ್ತಿರದ ಕಂಬವನ್ನು ಎರಡು ಸಲ ತಟ್ಟಿ, “ಹೂಂ, ವಕೀಲರನ್ನು ಕೇಳಬೇಕು” ಎಂದೆ. ರೂಢಿ ಎಂಬುದು ಎಂಥ ಕೆಟ್ಟದ್ದು ನೋಡಿ.

ವಾಪಸು ಬರುವಾಗ ಲೋಕಲಿನಲ್ಲಿ ಸುಶೀಲಾ ಮಾಲಾಡ್ ದಾಟುವ ತನಕ ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದಳು. ಆಮೇಲೆ, “ಆಕಿ ನಂಬ್ಯಾಳ್ರೀ” ಎಂದಳು. ತಪ್ಪು ನಿನ್ನದೇ, ಉಡಿ ತುಂಬು ಎಂದು ನಿನಗೆ ಯಾರು ಹೇಳಿದ್ದರು, ಎಂದು ನಾನು ಹಾರಾಡಿದೆ. “ಹೌದು, ನಾ ತುಂಬೀನಿ. ನೀರು ಕಂಡ್ರ ತುಂಬದ ಹ್ಯಾಂಗ ಇರ್ಲಿ? ಆದರ ನಾ ಕೊಳ್ತೀನಿ ಅಂತ ಹೇಳಿಲ್ಲ. ಕೋಟು ಹಾಕ್ಕೊಂಡು ಬಂದವರು ನೀವು” ಎಂದಳು. ಡಬ್ಬಿಯಲ್ಲಿದ್ದವರೆಲ್ಲ ನನ್ನ ಕೋಟು ನೋಡಿದರು. ಕನ್ನಡ ಬಾರದವರೂ ನೋಡಿದರು.

ಆ ವಾರ ಕಚೇರಿಯಲ್ಲಿ ಬಾನುಬಾಯಿಗೆ ಒಂದು ಪತ್ರ ಟೈಪ್ ಮಾಡಲು ಕುಳಿತೆ. ‘ತಮ್ಮ ಕೊಳಕ್ಕೆ ಸಂಬಂಧಿಸಿದಂತೆ ಅನಿವಾರ್ಯ ಕಾರಣಗಳಿಂದ’ ಎಂದು ಆರಂಭಿಸಿದೆ. ಹರಿದೆ. ‘ತಮ್ಮ ಆಸ್ತಿಯು ಸರ್ವಥಾ ಉತ್ತಮವಾಗಿದ್ದರೂ’ ಎಂದು ಬರೆದೆ. ಅದನ್ನೂ ಹರಿದೆ. ವಿಮೆಯ ಹಕ್ಕನ್ನು ತಿರಸ್ಕರಿಸುವ ಪತ್ರಗಳನ್ನು ದಿನಕ್ಕೆ ಹತ್ತು ಟೈಪ್ ಮಾಡುವ ಕೈ ಇದು. ಗಂಡ ಸತ್ತವರಿಗೂ ಮನೆ ಸುಟ್ಟವರಿಗೂ ನಯವಾಗಿ ಇಲ್ಲವೆನ್ನಲು ಬಲ್ಲದು. ಒಬ್ಬ ಮುದುಕಿಗೆ ‘ನಾನು ಬರೀ ನೋಡಲು ಬಂದಿದ್ದೆ’ ಎಂಬ ಒಂದು ಸಾಲು ಬರೆಯಲು ಬರಲಿಲ್ಲ. ಕೊನೆಗೆ ಹೋಗಿಯೇ ಹೇಳುವುದೆಂದು ತೀರ್ಮಾನಿಸಿದೆ. ಸುಶೀಲಾ ಬರಲು ಒಪ್ಪಲಿಲ್ಲ. “ನೀವ ಹೇಳಿ ಬರ್ರಿ. ನಾ ಆಕಿ ಮುಖಾ ಹ್ಯಾಂಗ ನೋಡ್ಲಿ?” ಎಂದಳು. ಕೋಟು ಹಾಕಿಕೊಳ್ಳದೆ ಹೊರಟೆ.

ಬಾನುಬಾಯಿ ಲಾಯದಲ್ಲಿ ಶಿರೀನಳ ಮೈ ಉಜ್ಜುತ್ತಿದ್ದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಚಾಳು, ಖೋಲಿ, ನಳ, ರವಿವಾರದ ಪತ್ರಿಕೆ, ಬಾಂದ್ರಾದ ಬಂಗಲೆ, ಏನನ್ನೂ ಬಿಡಲಿಲ್ಲ. ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ. ಕುತ್ತಿಗೆ ಮುಗಿದು ಬೆನ್ನಿಗೆ ಬಂದರು, ಬೆನ್ನು ಮುಗಿದು ತೊಡೆಗೆ ಬಂದರು. ಆಮೇಲೆ ಬ್ರಷ್ಷನ್ನು ಬಕೀಟಿನಲ್ಲಿ ಹಾಕಿ ಹೇಳಿದರು. “ನಿನ್ನ ಹೆಂಡತಿ ನೀರಿಗೆ ಕೊಟ್ಟದ್ದು ನಿಜ. ನೀನು ಗೋಡೆ ತಟ್ಟಿದ್ದು ಸುಳ್ಳು.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕುದುರೆಯ ಹಣೆಯ ಮೇಲೆ ಕೈಯಿಟ್ಟರು. “ವ್ಯಾಪಾರಿಯನ್ನು ಮತ್ತೆ ಕರೆದರೆ ಬರುತ್ತಾನೆ. ಮರುದಿನವೇ ಮಣ್ಣು ಸುರಿಯುತ್ತಾನೆ. ಈ ಶಿರೀನ್ ಹೋಗಿ ಹೋಗಿ ಆ ಮಣ್ಣಿನ ಮೇಲೆ ನಿಲ್ಲುತ್ತಾಳೆ. ಅದನ್ನು ನಾನು ಮಾಡಲಾರೆ. ಆದರೆ ನನ್ನ ತಂಗಿಯೂ ಕಾಯಲಾರಳು. ಹೋಗು, ಕೊಳ ಮುಚ್ಚದವನು ಒಬ್ಬನನ್ನು ಹುಡುಕಿಕೊಂಡು ಬಾ. ಮಳೆ ಶುರುವಾಗುವುದರೊಳಗೆ.”

ಆರು ವರ್ಷ ಬೇರೆಯವರ ಆಸ್ತಿಯಲ್ಲಿ ಕುಂದು ಹುಡುಕಿದವನು ಈಗ ಒಂದು ಆಸ್ತಿಯ ಗುಣಗಾನ ಮಾಡಿಕೊಂಡು ಅಲೆಯಬೇಕಾಯಿತು. ನಮ್ಮ ಮ್ಯಾನೇಜರರ ಹತ್ತಿರ ಪ್ರಸ್ತಾಪಿಸಿದೆ. ಇಂಥ ಆಸ್ತಿಯ ಸುದ್ದಿ ಒಬ್ಬ ಟೈಪಿಸ್ಟನಿಗೆ ಹೇಗೆ ಗೊತ್ತಾಯಿತು ಎಂದು ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮರುದಿನದಿಂದ ನನ್ನ ಮೇಜಿನ ಹತ್ತಿರ ಹೆಚ್ಚು ಸುಳಿದಾಡತೊಡಗಿದರು. ಚಾಳಿನ ಒಡೆಯರಿಗೆ ಹೇಳಿದೆ. ಕೊಳ ಮುಚ್ಚಬಾರದು ಎಂದ ಕೂಡಲೇ, “ಮತ್ತೆ ಜಾಗ ಎಲ್ಲಿ ಉಳಿಯಿತು?” ಎಂದರು. ಮಾವಿನ ಗಿಡಗಳು ಹೂ ಬಿಟ್ಟು ಕಾಯಾಗಿ, ಕಾಯಿ ಬಲಿಯತೊಡಗಿದವು. ದಿನಾ ಮನೆಗೆ ಬಂದರೆ ಸುಶೀಲಾ ತಟ್ಟೆ ಇಡುತ್ತ, “ಯಾರರೆ ಸಿಕ್ರೇನು?” ಎಂದು ಕೇಳುತ್ತಿದ್ದಳು. ಇಲ್ಲ ಎಂದರೆ ಪಲ್ಯ ಬಡಿಸುವುದನ್ನು ಮರೆಯುತ್ತಿದ್ದಳು.

ಕೊನೆಗೆ ಸಿಕ್ಕವರು ದಾದರ್ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುವ ಉಡುಪಿಯ ವಾಸು ಶೆಟ್ಟರು. ದಿನಾ ಅಲ್ಲಿ ಕಾಫಿ ಕುಡಿದೂ ನನಗೆ ಅವರ ನೆನಪು ಬಂದಿರಲಿಲ್ಲ. ಒಂದು ದಿನ ಅವರು ಗಲ್ಲಾದಲ್ಲಿ ಕೂತು ಹಾಲಿನವನ ಮೇಲೆ ಹರಿಹಾಯುತ್ತಿದ್ದರು. “ಎಂತ ಮಾರಾಯ್ರೆ, ಇವ ಹಾಲಿಗೆ ನೀರು ಹಾಕ್ತಾನಾ, ನೀರಿಗೆ ಹಾಲು ಹಾಕ್ತಾನಾ ಗೊತ್ತಾಗುದಿಲ್ಲ. ನಾಲ್ಕು ಎಮ್ಮೆ ನಾನೇ ಕಟ್ಟುವ ಅಂದ್ರೆ ಜಾಗ ಎಲ್ಲುಂಟು?” ನಾನು ಕೈಯಲ್ಲಿದ್ದ ಲೋಟವನ್ನು ಅಲ್ಲೇ ಇಟ್ಟೆ.

ಶೆಟ್ಟರು ವಾಡಿಯನ್ನು ನೋಡಿದ ರೀತಿಯನ್ನು ನಾನು ಮರೆಯಲಾರೆ. ಕೊಳ್ಳುವವರು ಸಿಕ್ಕರೆಂದು ಅಂದು ಸುಶೀಲಾಳೂ ಜೊತೆಗೆ ಬಂದಿದ್ದಳು. ಮನೆಯ ಕಡೆ ಅವರು ತಿರುಗಿಯೂ ನೋಡಲಿಲ್ಲ. ಚಪ್ಪಲಿ ಕಳಚಿ, ಪಂಚೆ ಎತ್ತಿ ಕಟ್ಟಿ, ನೇರವಾಗಿ ಕೊಳಕ್ಕೆ ಇಳಿದರು. ಒಂದು ಬೊಗಸೆ ನೀರೆತ್ತಿ ಮೂಸಿದರು, ಬಾಯಿಗೆ ಹಾಕಿ ಮುಕ್ಕಳಿಸಿದರು, ಕಾಲ ಬೆರಳಿನಿಂದ ತಳವನ್ನು ಒತ್ತಿ ನೋಡಿದರು. ಬೇಸಗೆಯಲ್ಲಿ ನೀರು ಎಷ್ಟನೆಯ ಮೆಟ್ಟಿಲಿಗೆ ಇಳಿಯುತ್ತದೆ ಎಂದು ಒಂದೇ ಒಂದು ಪ್ರಶ್ನೆ ಕೇಳಿದರು. ನಾನು ನೋಡಿದ ಯಾವ ಆಸ್ತಿಯನ್ನೂ ಹೀಗೆ ಮುಟ್ಟಿರಲಿಲ್ಲ. ಬಾನುಬಾಯಿ ನನ್ನ ಕಡೆ ನೋಡಿ, “ಇವನು ಕೊಳ್ಳುವವನು” ಎಂದರು. ಸುಶೀಲಾ ತಲೆ ತಗ್ಗಿಸಿ ನಕ್ಕಳು. ಕೊಳ ಮುಚ್ಚಬಾರದು ಎಂಬ ಮಾತನ್ನು ಶೆಟ್ಟರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಯಿತು. “ಎಮ್ಮೆಗೆ ನೀರು ಬೇಡ್ವಾ ಮಾರಾಯ್ರೆ? ಮುಚ್ಚಿ ನಾನೆಂತ ಮಾಡ್ಲಿ?”

ದುಡ್ಡಿನ ಮಾತನ್ನು ಅವರಿಬ್ಬರೇ ಕೂತು ಮುಗಿಸಿಕೊಂಡರು. ಕರಾರುಗಳನ್ನು ಮಾತ್ರ ನಾನೇ ಟೈಪ್ ಮಾಡಬೇಕೆಂದು ಬಾನುಬಾಯಿ ಹಟ ಹಿಡಿದರು. ಅವರು ಹೇಳುತ್ತ ಹೋದರು, ನಾನು ಬರೆದುಕೊಳ್ಳುತ್ತ ಹೋದೆ. ಕೊಳವನ್ನು ಒಂದು ಮೊಳವೂ ಮುಚ್ಚತಕ್ಕದ್ದಲ್ಲ. ಶಿರೀನ್ ಬದುಕಿರುವ ತನಕ ವಾಡಿಯಲ್ಲೇ ಇರತಕ್ಕದ್ದು. ಎರಡು ಹೊತ್ತು ನೀರಿಗೆ ಹೋಗುವ ಅವಳ ದಾರಿಗೆ ಅಡ್ಡವಾಗಿ ಗೂಟ, ಹಗ್ಗ, ಎಮ್ಮೆ ಏನೂ ಇರತಕ್ಕದ್ದಲ್ಲ. ಲಾಯದ ಹಲಗೆಗಳ ಮೇಲಿನ ಹೆಸರನ್ನು ಅಳಿಸತಕ್ಕದ್ದಲ್ಲ. ಈ ಕೊನೆಯದಕ್ಕೆ ಶೆಟ್ಟರು ತಕರಾರು ತೆಗೆದರು. “ಎಮ್ಮೆಗಳಿಗೆ ಕುದುರೆ ಹೆಸರಾ? ಜನ ನಗಾಡುದಿಲ್ವಾ?” ನಾನು ಬಿಡಲಿಲ್ಲ. ಸತ್ತ ಕುದುರೆಗಳ ಪರವಾಗಿ, ಬದುಕಿದ ಕುದುರೆಯ ಪರವಾಗಿ, ಮೇಜು ಗುದ್ದಿ ಗುದ್ದಿ ಒಂದು ಗಂಟೆ ವಾದಿಸಿದೆ. ಜನ್ಮದಲ್ಲಿ ನಾನು ಯಾರೆದುರಿಗೂ ಹಾಗೆ ಮಾತಾಡಿದ್ದಿಲ್ಲ, ಸಂಬಳ ಹೆಚ್ಚಿಸಿ ಎಂದು ಕೇಳುವಾಗಲೂ. ಇಂಥ ಕರಾರುಗಳು ಕಾಯ್ದೆಯಲ್ಲಿ ನಿಲ್ಲುವುದು ಅನುಮಾನ ಎಂದರು ವಕೀಲರು. ಶೆಟ್ಟರು, “ಕಾಯ್ದೆ ಇರ್ಲಿ ಮಾರಾಯ್ರೆ. ಆ ಅಮ್ಮನ ಮುಂದೆ ಹೂಂ ಅಂದ ಮೇಲೆ ಆಯ್ತು” ಎಂದು ಸಹಿ ಹಾಕಿದರು. ನಾನು ಮೂರು ಪ್ರತಿಗಳನ್ನು ಒಂದು ಅಕ್ಷರ ತಪ್ಪಿಲ್ಲದೆ ತೆಗೆದಿದ್ದೆ.

ಬಾನುಬಾಯಿ ಹೊರಟ ದಿನ ಮೋಡ ಕವಿದಿತ್ತು, ಮಳೆ ಬಂದಿರಲಿಲ್ಲ. ಸುಶೀಲಾ ಅವರದೇ ಒಲೆಯಲ್ಲಿ ಹೋಳಿಗೆ ಮಾಡಿದಳು. ಇಬ್ಬರೂ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ನೀರಿಗೆ ಕೊಟ್ಟರು. ಬಾನುಬಾಯಿಯ ಕೈ ನಡುಗುತ್ತಿತ್ತು, ಅದರ ಕೆಳಗೆ ಇವಳು ತನ್ನ ಕೈಯನ್ನು ಹಿಡಿದಿದ್ದಳು. ಶಿರೀನ್ ನೀರಿನಲ್ಲಿ ನಿಂತಿತ್ತು. ಬಾನುಬಾಯಿ ಅದಕ್ಕೆ ಏನನ್ನೂ ಹೇಳದೆ, ಹಿಂದಿರುಗಿ ನೋಡದೆ, ಸದ್ದಾಗದ ಹಾಗೆ ಕೋಲನ್ನು ಎತ್ತಿ ಹಿಡಿದು ಗೇಟಿನ ತನಕ ನಡೆದರು. ಕೋಲಿನ ಸದ್ದು ಕೇಳಿದರೆ ಅದು ಹಿಂದೆಯೇ ಬರುತ್ತದಂತೆ. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ. ನವಸಾರಿಯ ಗಾಡಿ ಹತ್ತಿಸಿದಾಗ ಅವರು ಕಿಟಕಿಯಿಂದ ಕೈ ಹೊರಗೆ ಹಾಕಿ ಸುಶೀಲಾಳ ಗಲ್ಲ ಮುಟ್ಟಿ, “ರವಿವಾರ ರವಿವಾರ ಹೋಗಿ ಬರುತ್ತಿರು” ಎಂದರು.

ಲೋಕಲಿನಲ್ಲಿ ಕೂತ ಮೇಲೆ ನನಗೆ ಮನಸ್ಸು ಹಗುರವಾಗಿತ್ತು. ಮಾಡಿದ ತಪ್ಪನ್ನು ತಿದ್ದಿದೆ, ಒಬ್ಬರಿಗೆ ದಾರಿ ಮಾಡಿಕೊಟ್ಟೆ, ಒಂದು ಕೊಳ ಉಳಿಯಿತು, ನಾನೂ ಅಷ್ಟೇನೂ ಕೆಲಸಕ್ಕೆ ಬಾರದವನಲ್ಲ ಎಂದುಕೊಳ್ಳುತ್ತಿ‍ದ್ದೆ. ಸುಶೀಲಾ ಕಿಟಕಿಯ ಹೊರಗೆ ನೋಡುತ್ತ ಕೇಳಿದಳು. “ಆ ಕಾಗದದಾಗ ನಾವು ಐತವಾರ ಬರೂದು ಬರದೀರೇನು?”

ನಾನು ಟಿಕೀಟಿಗಾಗಿ ಕಿಸೆ ತಡಕತೊಡಗಿದೆ.

“ಹೊಂಡದ್ದು ಬರದೀರಿ, ಕುದುರೀದು ಬರದೀರಿ. ಸತ್ತ ಕುದುರಿಗೋಳ ಹೆಸರು ಸೈತ ಬರದೀರಿ. ಮೂರು ಕಾಗದಾ ಟೈಪ್ ಬಡದ್ರಲ್ಲಾ, ಒಂದರಾಗೂ ನಾ ನೆನಪಾಗಲಿಲ್ಲೇನು?”

ಶೆಟ್ಟರನ್ನು ಕೇಳಿದರಾಯಿತು, ಅವರೇನು ಬೇಡ ಎನ್ನುತ್ತಾರೆಯೇ, ನಾಳೆಯೇ ಕೇಳುತ್ತೇನೆ ಎಂದೆ. ಮರುದಿನ ಹೋಟೆಲಿಗೆ ಹೋದೆ. ಶೆಟ್ಟರು ಗಲ್ಲಾದಿಂದ, “ಎಂತ ಕುಲಕರ್ಣಿಯವರೇ, ಕಾಫಿಯಾ?” ಎಂದರು. ಹೌದು ಎಂದೆ. ಕುಡಿದೆ. ನನ್ನ ಹೆಂಡತಿಗೆ ನಿಮ್ಮ ಕೊಳದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರಬೇಕಂತೆ ಎಂಬ ಮಾತನ್ನು ಗಿರಾಕಿಗಳ ನಡುವೆ ಹೇಗೆ ಎತ್ತುವುದು? ವಾಪಸು ಬಂದೆ. ಆ ವಾರ ಇನ್ನೆರಡು ಸಲ ಹೋದೆ. ಈಗ ಮಳೆಗಾಲ ಮುಗಿಯುತ್ತ ಬಂತು, ಕಾಂದಿವಲಿಗೆ ನಾವು ಒಮ್ಮೆಯೂ ಹೋಗಿಲ್ಲ. ಕಾಫಿಯಲ್ಲಿ ಹಾಲು ಗಟ್ಟಿಯಾಗಿದೆ, ರುಚಿಯೂ ಹೆಚ್ಚಿದೆ. ಕುದುರೆಯ ಸಲುವಾಗಿ ಮೇಜು ಗುದ್ದಿದ ನಾನು ದಿನಾ ಅದನ್ನು ಕುಡಿದು, ಚೆನ್ನಾಗಿದೆ ಎಂದು ಹೇಳಿ ಬರುತ್ತೇನೆ. ಮೊದಮೊದಲು ಸುಶೀಲಾ, “ಕೇಳಿದ್ರೇನು?” ಎನ್ನುತ್ತಿದ್ದಳು. ಈಚೆಗೆ ಕೇಳುವುದನ್ನು ಬಿಟ್ಟಿದ್ದಾಳೆ. ಪಲ್ಯ ಬಡಿಸುವುದನ್ನು ಮರೆಯುವುದಿಲ್ಲ, ತಟ್ಟೆಯನ್ನು ಹೊತ್ತಿಗೆ ಸರಿಯಾಗಿ ಇಡುತ್ತಾಳೆ. ಹಾಡುವುದಿಲ್ಲ, ಅಷ್ಟೇ.